ಹೊಸ ರ‍್ಯಾಮ್ ಹಾಕಿದ ಮೇಲೆ ಡಿಸ್‌ಪ್ಲೇ ಬರದಿದ್ದರೆ ಬೋರ್ಡ್ ಹೋಯ್ತು ಅನ್ನಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹಳೆಯ ಕಂಪ್ಯೂಟರ್ ಎಸೆಯಬೇಡಿ, ಅದರ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಜಾಸ್ತಿ ಮಾಡಿಕೊಂಡು ಇನ್ನೂ ಕೆಲವು ವರ್ಷ ಓಡಿಸಿ ಎಂಬ ಸಲಹೆ ಈಚೆಗೆ ಎಲ್ಲ ಕಡೆ ಕೇಳಿಬರುತ್ತಿದೆ. ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಒಳ್ಳೆಯ ಸಲಹೆಯೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, ಆದರೆ ಅಷ್ಟರಲ್ಲಿ ಕೆಲಸ ಸಾಗುವುದಿಲ್ಲ. ಲಿನಕ್ಸ್ ಹಾಕಿಕೊಂಡರೂ ಈಗಿನ ಬ್ರೌಸರ್ ತೆರೆದರೆ 4 ಜಿಬಿ ಸಾಲುವುದಿಲ್ಲ. ಹಾಗಾಗಿ ಜನ ರ‍್ಯಾಮ್ ಹುಡುಕುತ್ತಿದ್ದಾರೆ. ಆದರೆ ಹೊಸ ರ‍್ಯಾಮ್ ಹಾಕಿ ಬಟನ್ ಒತ್ತಿದಾಗ ಪರದೆ ಕಪ್ಪಗೇ ಉಳಿದರೆ ಮುಂದೇನು? ಅದನ್ನು ಯಾರೂ ಕನ್ನಡದಲ್ಲಿ ಹೇಳುತ್ತಿಲ್ಲ. ಅದಕ್ಕೇ ಈ ಪತ್ರ.

ನನ್ನದು ಕುಮಟಾದಲ್ಲಿ ಒಂದು ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ. ಮದುವೆ ಕಾಗದ, ಪಹಣಿ, ಆನ್‌ಲೈನ್ ಅರ್ಜಿ ಎಲ್ಲ ಮಾಡುತ್ತೇವೆ. ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ರಿಪೇರಿಯೂ ನಡೆಯುತ್ತದೆ. ಆ ಮೇಜು ನನ್ನದೇ. ಬೇರೆ ಅಂಗಡಿಯಲ್ಲಿ ತೋರಿಸಿ ಬಂದ ಸಿಪಿಯು ಡಬ್ಬವನ್ನು ಇಳಿಸುತ್ತಾ ಜನ ಹೇಳುವ ಮೊದಲ ಮಾತು, ‘ಅಕ್ಕಾ, ಬೋರ್ಡೇ ಹೋಗಿದೆಯಂತೆ’. ಈ ‘ಬೋರ್ಡ್ ಹೋಯ್ತು’ ಎಂಬ ಮಾತಿನ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಮದರ್‌ಬೋರ್ಡ್ ಹಾಳಾಗುವುದೇ ಇಲ್ಲ ಅಂತಲ್ಲ. ಗುಡುಗು-ಸಿಡಿಲಿಗೆ, ವೋಲ್ಟೇಜ್ ಏರಿಳಿತಕ್ಕೆ ಸುಟ್ಟವನ್ನು ನೋಡಿದ್ದೇನೆ. ಆದರೆ ಬೆಳಗ್ಗೆಯವರೆಗೂ ಓಡುತ್ತಿದ್ದ ಕಂಪ್ಯೂಟರ್, ರ‍್ಯಾಮ್ ಬದಲಿಸಿದ ಕೂಡಲೇ ನಿಂತಿತು ಎಂದರೆ ಮೊದಲು ಅನುಮಾನ ಪಡಬೇಕಾದದ್ದು ಆ ರ‍್ಯಾಮ್ ಮತ್ತು ಅದನ್ನು ಕೂರಿಸಿದ ರೀತಿಯ ಮೇಲೆ. ಬೋರ್ಡಿನ ಸರದಿ ಕೊನೆಗೆ.

ಇಲ್ಲಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದ ಕಂಪ್ಯೂಟರ್ ವಿಷಯ ಹೇಳಬೇಕು. ಆರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, ಒಂದೇ ಒಂದು 4 ಜಿಬಿ ರ‍್ಯಾಮ್, ಅದು ಡಿಡಿಆರ್4 ಎಂಬ ತಲೆಮಾರಿನದು. ಹಾಲಿನ ಲೆಕ್ಕದ ಸಾಫ್ಟ್‌ವೇರ್ ತೆರೆದರೆ ತೆವಳುತ್ತಿತ್ತು. ಸಂಘದ ಹುಡುಗನೊಬ್ಬ ಆನ್‌ಲೈನ್‌ನಲ್ಲಿ 16 ಜಿಬಿ ರ‍್ಯಾಮ್ ತರಿಸಿದ. ಸೆಕೆಂಡ್ ಹ್ಯಾಂಡ್, ಬೆಲೆ ಬಹಳ ಕಡಿಮೆ. ಡಿಡಿಆರ್4 ಎಂದು ಬರೆದಿತ್ತು, ಸ್ಲಾಟಿಗೂ ಸರಿಯಾಗಿ ಕೂತಿತು. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ. ಹೆದರಿ ಹಳೆಯದನ್ನೇ ವಾಪಸ್ ಹಾಕಿದ. ಆಗಲೂ ಡಿಸ್‌ಪ್ಲೇ ಇಲ್ಲ. ಪೇಟೆಯ ಒಂದು ಅಂಗಡಿಗೆ ಒಯ್ದರು. ಬೋರ್ಡ್ ಹೋಗಿದೆ, ಇದಕ್ಕೆ ಬೋರ್ಡ್ ಸಿಗುವುದಿಲ್ಲ, ಹೊಸ ಸಿಸ್ಟಮ್ ತಗೊಳ್ಳಿ ಎಂದು ಕೊಟೇಶನ್ ಬರೆದುಕೊಟ್ಟರು. ಹಾಲಿನ ಬಟವಾಡೆ ಎರಡು ದಿನದಲ್ಲಿ ಆಗಬೇಕಿತ್ತು. ರೈತರ ಲೆಕ್ಕವೆಲ್ಲ ಆ ಡಬ್ಬದೊಳಗೇ ಇತ್ತು.

ಸೆಕ್ರೆಟರಿಯವರು ಅದನ್ನು ನನ್ನ ಮೇಜಿಗೆ ತಂದಾಗ ನೋಡಿದ್ದು ಇಷ್ಟು. ಹಳೆಯ ರ‍್ಯಾಮ್ ಒಂದು ತುದಿಯಲ್ಲಿ ಪೂರ್ತಿ ಇಳಿದಿತ್ತು, ಇನ್ನೊಂದು ತುದಿಯಲ್ಲಿ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಆ ಬೋರ್ಡಿನ ಸ್ಲಾಟಿನಲ್ಲಿ ಲಾಕ್ ಇರುವುದು ಒಂದೇ ಬದಿಗೆ. ಆ ಬದಿ ‘ಟಕ್’ ಎಂದಿದ್ದರಿಂದ ಕೂತಿತು ಅಂತ ಹುಡುಗ ಬಿಟ್ಟಿದ್ದ. ಅಂಗಡಿಯವರು ಅದನ್ನು ತೆಗೆದು ನೋಡಿರಲೇ ಇಲ್ಲ. ಸಂಪರ್ಕದ ಹಳದಿ ಪಟ್ಟಿಯ ಮೇಲೆ ಬೆರಳಿನ ಗುರುತು ಬೇರೆ. ಒರೆಸಿ ಎರಡೂ ತುದಿ ಒತ್ತಿ ಕೂರಿಸಿದೆ. ಕಂಪ್ಯೂಟರ್ ಎದ್ದಿತು. ಬಟವಾಡೆ ಸಮಯಕ್ಕೆ ಆಯಿತು.

ಇನ್ನು ಹೊಸ 16 ಜಿಬಿಯ ಕಥೆ. ಅದು ಕೆಟ್ಟಿರಲಿಲ್ಲ. ಅದು ಸರ್ವರ್ ರ‍್ಯಾಮ್. ಇದನ್ನೇ ಓದುಗರಿಗೆ ಬಿಡಿಸಿ ಹೇಳಬೇಕೆಂದು ನನ್ನ ಆಸೆ. ದೊಡ್ಡ ದೊಡ್ಡ ಸರ್ವರ್‌ಗಳಿಂದ ಕಳಚಿದ ರ‍್ಯಾಮ್ ಮಾರುಕಟ್ಟೆಗೆ ಕಡಿಮೆ ಬೆಲೆಗೆ ಬರುತ್ತದೆ. ಅದನ್ನು ರಿಜಿಸ್ಟರ್ಡ್ ರ‍್ಯಾಮ್ ಅನ್ನುತ್ತಾರೆ. ಪ್ರೊಸೆಸರ್ ಮತ್ತು ಮೆಮೊರಿ ಚಿಪ್‌ಗಳ ನಡುವೆ ಅದರಲ್ಲಿ ಇನ್ನೊಂದು ಚಿಪ್ ಇರುತ್ತದೆ. ವಿಳಾಸ ಮತ್ತು ಆದೇಶಗಳು ಅದರ ಮೂಲಕವೇ ಹೋಗಬೇಕು. ನಮ್ಮ ಮನೆ, ಕಚೇರಿಯ ಐ3, ಐ5 ಪ್ರೊಸೆಸರ್‌ಗಳಿಗೆ ಚಿಪ್‌ಗಳ ಜೊತೆ ನೇರವಾಗಿ ಮಾತಾಡುವುದಷ್ಟೇ ಗೊತ್ತು. ಡಿಡಿಆರ್4ರಲ್ಲಿ ಎರಡೂ ಬಗೆಯ ರ‍್ಯಾಮಿನ ಉದ್ದ, 288 ಪಿನ್, ನಡುವಿನ ಕಚ್ಚು ಎಲ್ಲ ಒಂದೇ. ಆದ್ದರಿಂದ ಸ್ಲಾಟ್ ತಡೆಯುವುದಿಲ್ಲ. ಕೂರುತ್ತದೆ, ಆದರೆ ಏಳುವುದಿಲ್ಲ.

ಕಣ್ಣಿನಿಂದಲೇ ಗುರುತು ಹಿಡಿಯಬಹುದು. ಮಾಮೂಲಿ ಡೆಸ್ಕ್‌ಟಾಪ್ ರ‍್ಯಾಮಿನಲ್ಲಿ ಕಪ್ಪು ಚಿಪ್‌ಗಳು ಹೆಚ್ಚಾಗಿ ಎಂಟು, ಇಲ್ಲವೇ ಹದಿನಾರು. ಸರ್ವರ್ ರ‍್ಯಾಮಿನಲ್ಲಿ ಒಂಬತ್ತು, ಹದಿನೆಂಟು, ಮೂವತ್ತಾರು, ಹೀಗೆ ಒಂಬತ್ತರ ಲೆಕ್ಕ. ತಪ್ಪು ಪತ್ತೆಗೆ ಹೆಚ್ಚುವರಿ ಚಿಪ್ ಇರುವುದರಿಂದ ಹಾಗೆ. ಜೊತೆಗೆ ನಟ್ಟನಡುವೆ ಬೇರೆ ಅಳತೆಯ ಇನ್ನೊಂದು ಚಿಪ್ ಕಾಣುತ್ತದೆ.

ಅದಕ್ಕಿಂತ ಸುಲಭ, ಬಿಳಿ ಲೇಬಲ್ ಓದುವುದು. ಸಂಘದ ಆ ರ‍್ಯಾಮಿನ ಮೇಲೆ 16ಜಿಬಿ, ಆಮೇಲೆ 2ಆರ್‌ಎಕ್ಸ್4, ಆಮೇಲೆ ಪಿಸಿ4-2400ಟಿ-ಆರ್‌ಎ1 ಎಂದು ಇಂಗ್ಲಿಷಿನಲ್ಲಿತ್ತು. ಪಿಸಿ4 ಅಂದರೆ ಡಿಡಿಆರ್4. 2400ಟಿ ಅದರ ವೇಗದ ಗುರುತು. ಆ ವೇಗದ ನಂತರ ಒಂದು ಅಡ್ಡಗೆರೆ ಬರುತ್ತದೆ ನೋಡಿ, ಅದರ ಮುಂದಿನ ಅಕ್ಷರವೇ ಮುಖ್ಯ. ಅಲ್ಲಿ ‘ಆರ್’ ಇದ್ದರೆ ರಿಜಿಸ್ಟರ್ಡ್, ಸರ್ವರಿಗೆ. ‘ಯು’ ಇದ್ದರೆ ಡೆಸ್ಕ್‌ಟಾಪಿಗೆ. ‘ಎಸ್’ ಇದ್ದರೆ ಲ್ಯಾಪ್‌ಟಾಪಿಗೆ. ಹಳೆಯ ಡಿಡಿಆರ್3ರಲ್ಲಿ ಅಡ್ಡಗೆರೆ ಇಲ್ಲದೆ ಸಂಖ್ಯೆಗೇ ಅಕ್ಷರ ಅಂಟಿಕೊಂಡಿರುತ್ತದೆ. ಪಿಸಿ3-10600ಯು, ಪಿಸಿ3ಎಲ್-12800ಎಸ್, ಹೀಗೆ. ರ‍್ಯಾಮ್ ತರಿಸುವ ಮುಂಚೆ ಮಾರುವವರಿಂದ ಈ ಲೇಬಲಿನ ಫೋಟೋ ಕೇಳಿ. ಕೊಡಲ್ಲ ಅಂದರೆ ಅವರ ಹತ್ತಿರ ತಗೋಬೇಡಿ.

ಎಐ ಸರ್ವರ್‌ಗಳಿಗೆ ಬೇಡಿಕೆ ಏರಿ, 2025ರ ಕೊನೆಯಿಂದ ಹೊಸ ರ‍್ಯಾಮಿನ ಬೆಲೆ ವಿಪರೀತ ಹೆಚ್ಚಿದೆ. ಜನ ಸೆಕೆಂಡ್ ಹ್ಯಾಂಡ್ ಕಡೆ ಹೋಗುವುದು ಸಹಜ. ಹಾಗಾಗಿ ಇಂಥ ಪ್ರಕರಣ ನನ್ನ ಮೇಜಿಗೆ ಈಗ ಮುಂಚಿಗಿಂತ ಜಾಸ್ತಿ ಬರುತ್ತಿದೆ.

ಸರಿ, ಡಿಸ್‌ಪ್ಲೇ ಬರಲಿಲ್ಲ. ಮನೆಯಲ್ಲೇ ಮೊದಲು ಏನು ಮಾಡಬಹುದು? ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಇದನ್ನು ಬಿಡಲೇಬೇಡಿ. ಶಟ್‌ಡೌನ್ ಮಾಡಿದ ಮೇಲೂ ಪ್ಲಗ್ ಇರುವ ತನಕ ಎಸ್‌ಎಂಪಿಎಸ್ (ಡಬ್ಬದೊಳಗಿನ ಪವರ್ ಸಪ್ಲೈ) ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಆ ಸ್ಥಿತಿಯಲ್ಲಿ ರ‍್ಯಾಮ್ ಕಿತ್ತರೆ ಚೆನ್ನಾಗಿದ್ದದ್ದೂ ಸುಡಬಹುದು. ಆಮೇಲೆ ಹೊಸದನ್ನು ತೆಗೆದು, ಹಳೆಯದೊಂದನ್ನೇ ಅದರ ಮೊದಲಿನ ಸ್ಲಾಟಿಗೆ ಹಾಕಿ ಆನ್ ಮಾಡಿ. ಬಂತಾ? ಹಾಗಾದರೆ ಬೋರ್ಡ್, ಪ್ರೊಸೆಸರ್, ಎಸ್‌ಎಂಪಿಎಸ್ ಎಲ್ಲ ಸರಿ ಇವೆ. ಇನ್ನು ಹೊಸದೊಂದನ್ನೇ ಅದೇ ಸ್ಲಾಟಿಗೆ ಹಾಕಿ. ಬರದಿದ್ದರೆ ತೊಂದರೆ ಹೊಸ ರ‍್ಯಾಮಿನದು, ಅಂಗಡಿಗೆ ವಾಪಸ್ ಒಯ್ಯಲು ನಿಮ್ಮ ಕೈಯಲ್ಲಿ ಪುರಾವೆ ಇದೆ. ಎರಡೂ ಬೇರೆ ಬೇರೆಯಾಗಿ ಬಂದು, ಜೊತೆಗೆ ಹಾಕಿದಾಗ ಮಾತ್ರ ಬರದಿದ್ದರೆ ಒಂದಕ್ಕೊಂದು ಹೊಂದುತ್ತಿಲ್ಲ, ಅಥವಾ ಎರಡನೇ ಸ್ಲಾಟಿನಲ್ಲಿ ಏನೋ ಇದೆ. ಈ ಪರೀಕ್ಷೆಗೆ ಒಂದು ಸ್ಕ್ರೂ ಡ್ರೈವರ್ ಸಾಕು.

ಹಳೆಯದೂ ಏಳಲಿಲ್ಲ ಎಂದರೂ ಗಾಬರಿ ಬೇಡ. ರ‍್ಯಾಮ್ ಪೂರಾ ತೆಗೆದು ಖಾಲಿ ಸ್ಲಾಟಿನಲ್ಲೇ ಆನ್ ಮಾಡಿ ನೋಡಿ. ಬೋರ್ಡಿಗೆ ಪುಟ್ಟ ಸ್ಪೀಕರ್ ಇದ್ದರೆ ಬೀಪ್ ಬೀಪ್ ಎಂದು ಕೂಗಬೇಕು. ಕೂಗಿದರೆ ಬೋರ್ಡ್ ಮತ್ತು ಪ್ರೊಸೆಸರ್‌ಗೆ ಜೀವ ಇದೆ ಎಂದರ್ಥ, ಅವು ‘ರ‍್ಯಾಮ್ ಇಲ್ಲ’ ಎಂದು ಹೇಳುತ್ತಿವೆ. ಅಸೆಂಬಲ್ ಮಾಡಿದ ಎಷ್ಟೋ ಡಬ್ಬಗಳಲ್ಲಿ ಈ ಸ್ಪೀಕರ್ ಹಾಕಿಯೇ ಇರುವುದಿಲ್ಲ. ಚಿಲ್ಲರೆ ದುಡ್ಡಿನ ವಸ್ತು ಅದು, ಹಾಕಿಸಿಕೊಳ್ಳಿ. ಕಂಪನಿ ಯಂತ್ರಗಳು ದೀಪದಲ್ಲಿ ಹೇಳುತ್ತವೆ. ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಮಾದರಿಗಳಲ್ಲಿ ಪವರ್ ಬಟನ್ ಎರಡು ಸಲ ಕಿತ್ತಳೆ, ಮೂರು ಸಲ ಬಿಳಿ ಮಿನುಗಿದರೆ ರ‍್ಯಾಮ್ ಕಾಣಿಸುತ್ತಿಲ್ಲ ಎಂದು. ಎರಡು ಕಿತ್ತಳೆ, ನಾಲ್ಕು ಬಿಳಿ ಆದರೆ ರ‍್ಯಾಮ್ ಕೆಟ್ಟಿದೆ ಎಂದು. ಕಂಪ್ಯೂಟರ್ ತಾನೇ ಬಾಯಿಬಿಟ್ಟು ಹೇಳುವಾಗ ನಾವು ನೋಡದೇ ಬೋರ್ಡಿನ ಮೇಲೆ ತಪ್ಪು ಹಾಕುವುದು ಸರಿಯಲ್ಲ ಅಲ್ವಾ?

ಕರಾವಳಿಯವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಇಲ್ಲಿ ಸಮುದ್ರದ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ಸ್ಲಾಟಿನ ಒಳಗಿನ ಪಿನ್‌ಗಳು ಮಂಕಾಗುತ್ತವೆ. ರ‍್ಯಾಮಿನ ಪಟ್ಟಿಯ ಮೇಲೆ ಚಿನ್ನದ ಲೇಪ ತೆಳುವಾಗಿದ್ದರೆ ಕಪ್ಪು ಚುಕ್ಕೆ ಬರುತ್ತದೆ. ವರ್ಷಗಟ್ಟಲೆ ಕದಲದೆ ಕೂತ ರ‍್ಯಾಮ್ ಹೇಗೋ ನಡೆಸಿಕೊಂಡು ಹೋಗುತ್ತಿರುತ್ತದೆ. ಒಮ್ಮೆ ಕಿತ್ತು ಹಾಕಿದಿರೋ, ಸಂಪರ್ಕ ತಪ್ಪುತ್ತದೆ. ‘ನಾನು ಸುಮ್ನೆ ತೆಗೆದು ಹಾಕಿದ್ದು ಅಷ್ಟೇ’ ಎಂದು ಜನ ಹೇಳುವುದು ನೂರಕ್ಕೆ ನೂರು ನಿಜ. ಮಕ್ಕಳ ಬಿಳಿ ಪೆನ್ಸಿಲ್ ರಬ್ಬರಿನಿಂದ ಆ ಹಳದಿ ಪಟ್ಟಿಯನ್ನು ಹಗುರಕ್ಕೆ ಉಜ್ಜಿ. ರಬ್ಬರಿನ ಪುಡಿ ಸ್ಲಾಟಿನೊಳಗೆ ಹೋಗದಂತೆ ದೂರ ಹಿಡಿದು ಉಜ್ಜಿ, ಒಣ ಬ್ರಷ್‌ನಲ್ಲಿ ಝಾಡಿಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಇನ್ನೂ ಒಳ್ಳೆಯದು. ಕೊರೊನಾ ಕಾಲದ ಸ್ಯಾನಿಟೈಸರ್ ಉಳಿದಿದೆ ಎಂದು ಅದನ್ನು ಬಳಸಬೇಡಿ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತದೆ. ಸ್ಲಾಟಿನೊಳಗೂ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ, ಇರುವೆ, ಹಲ್ಲಿಯ ಹಿಕ್ಕೆ ಎಲ್ಲವನ್ನೂ ನಾನು ತೆಗೆದಿದ್ದೇನೆ. ಬಯಲುಸೀಮೆಯವರಿಗೆ ತೊಂದರೆ ಇನ್ನೊಂದು ಥರ. ಕಲಬುರಗಿ, ರಾಯಚೂರಿನ ಬೇಸಿಗೆಯ ಒಣ ಗಾಳಿಯಲ್ಲಿ ಮೈಯ ಸ್ಥಿರ ವಿದ್ಯುತ್ತು ಚಿಪ್ಪನ್ನು ಕೊಲ್ಲಬಹುದು. ರ‍್ಯಾಮ್ ಮುಟ್ಟುವ ಮೊದಲು ಡಬ್ಬದ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ, ಅಂಚಿನಲ್ಲೇ ಹಿಡಿಯಿರಿ.

ಲ್ಯಾಪ್‌ಟಾಪಿನಲ್ಲಿ ವೋಲ್ಟೇಜಿನ ಕಾಟ. ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ಅಣ್ಣನ ಹಳೆಯ ಲ್ಯಾಪ್‌ಟಾಪಿನ ರ‍್ಯಾಮ್ ತೆಗೆದು ತನ್ನದಕ್ಕೆ ಹಾಕಿದ್ದಳು. ಎರಡೂ ಡಿಡಿಆರ್3, ಎರಡೂ 204 ಪಿನ್. ಆದರೆ ಅಣ್ಣನದು 1.5 ವೋಲ್ಟಿನ ಮಾಮೂಲಿ ಡಿಡಿಆರ್3. ತಂಗಿಯದು ನಾಲ್ಕನೇ ತಲೆಮಾರಿನ ಇಂಟೆಲ್, ಅದಕ್ಕೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ಪಿಸಿ3 ಮುಂದೆ ‘ಎಲ್’ ಇದೆಯೋ ಇಲ್ಲವೋ ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು. ‘ಎಲ್’ ಇರುವುದು 1.5ರಲ್ಲೂ ಕೆಲಸ ಮಾಡುತ್ತದೆ. ಇಲ್ಲದ್ದು 1.35ರಲ್ಲಿ ಕೆಲಸ ಮಾಡೀತೆಂದು ನಂಬುವ ಹಾಗಿಲ್ಲ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ. ಅಲ್ಲಿ ಏನೂ ಮಾಡುವಂತಿಲ್ಲ, ಕೊಳ್ಳುವ ಮುಂಚೆಯೇ ಕೇಳಬೇಕು.

ಶಾಲೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಇಂದಿಗೂ ಉಳಿದಿರುವ ಇಂಟೆಲ್ ಜಿ41 ಚಿಪ್‌ಸೆಟ್ (ರ‍್ಯಾಮನ್ನು ನೋಡಿಕೊಳ್ಳುವ ಚಿಪ್) ಇರುವ ಹಳೆಯ ಬೋರ್ಡ್‌ಗಳ ವಿಷಯ ಇನ್ನೂ ಸೂಕ್ಷ್ಮ. ಡಿಡಿಆರ್3 ಸರಿ, ‘ಯು’ ಸರಿ, ವೋಲ್ಟೇಜ್ ಸರಿ, ಆದರೂ 4 ಜಿಬಿ ರ‍್ಯಾಮ್ ಏಳುವುದಿಲ್ಲ. ಕಾರಣ ಚಿಪ್ಪಿನ ಸಾಂದ್ರತೆ. 4 ಜಿಬಿ ಎಂದರೆ 32 ಗಿಗಾಬಿಟ್. ಅದನ್ನು ಹದಿನಾರು ಚಿಪ್ಪಿಗೆ ಹಂಚಿದರೆ ಒಂದಕ್ಕೆ 2 ಗಿಗಾಬಿಟ್, ಎಂಟಕ್ಕೆ ಹಂಚಿದರೆ ಒಂದಕ್ಕೆ 4. ಜಿ41ಗೆ 2 ಗಿಗಾಬಿಟ್ಟಿನ ಚಿಪ್‌ವರೆಗೆ ಮಾತ್ರ ಗೊತ್ತು. ಆದ್ದರಿಂದ ಎರಡೂ ಬದಿಗೆ ಸೇರಿ ಹದಿನಾರು ಚಿಪ್ ಇರುವ 4 ಜಿಬಿ ಬೇಕು. ಈಚೆಗೆ ಬಂದ ಎಂಟು ಚಿಪ್ಪಿನದು ಆಗದು. ಲೇಬಲಿನಲ್ಲಿ 2ಆರ್‌ಎಕ್ಸ್8 ಇದ್ದರೆ ಹದಿನಾರು, 1ಆರ್‌ಎಕ್ಸ್8 ಇದ್ದರೆ ಎಂಟು. ಇಷ್ಟು ಗೊತ್ತಿಲ್ಲದೆ ಎಷ್ಟು ಒಳ್ಳೆಯ ಬೋರ್ಡ್‌ಗಳು ಗುಜರಿಗೆ ಹೋದವೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಹೊಸ ಯಂತ್ರದವರು ತಾಳ್ಮೆ ಇಟ್ಟುಕೊಳ್ಳಬೇಕು. ಡಿಡಿಆರ್5 ಹಾಕಿದಾಗ ಬೋರ್ಡ್ ಮೊದಲ ಸಲ ರ‍್ಯಾಮಿಗೆ ಹೊಂದಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟೂ ಹೊತ್ತು ಪರದೆ ಕಪ್ಪು. ಜನ ಅರ್ಧಕ್ಕೇ ಆಫ್ ಮಾಡುತ್ತಾರೆ, ಮತ್ತೆ ಮೊದಲಿನಿಂದ ಶುರು. ಒಂದು ಚಹಾ ಕುಡಿದು ಬನ್ನಿ. ಆಗಲೂ ಬರದಿದ್ದರೆ ಪ್ಲಗ್ ತೆಗೆದು, ಬೋರ್ಡಿನ ಸಿಆರ್2032 ಸೆಲ್ ಸ್ವಲ್ಪ ಹೊತ್ತು ತೆಗೆದು ಹಾಕಿ. ಹಳೆಯ ಸೆಟ್ಟಿಂಗ್ ಅಳಿಸಿಹೋಗುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಿಗೆ ಎರಡು ರ‍್ಯಾಮ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿದಾಗ ಎರಡನೆಯದು ಮತ್ತು ನಾಲ್ಕನೆಯದು. ಬೋರ್ಡಿನ ಪುಸ್ತಕದಲ್ಲಿ ಚಿತ್ರವೇ ಇರುತ್ತದೆ.

‘ಬೂಟ್ ಆಗ್ತಿಲ್ಲ’ ಎಂಬ ಒಂದೇ ದೂರಿನೊಳಗೆ ಬೇರೆ ಬೇರೆ ಕಾಯಿಲೆ ಇರುತ್ತವೆ. ಕಂಪನಿ ಹೆಸರು ಬಂದು ‘ಬೂಟ್ ಡಿವೈಸ್ ಇಲ್ಲ’ ಎಂದರೆ ರ‍್ಯಾಮ್ ಸರಿ ಇದೆ. ಕೈಯಾಡಿಸುವಾಗ ಹಾರ್ಡ್ ಡಿಸ್ಕಿನ ವೈರ್ ಸಡಿಲವಾಗಿರುತ್ತದೆ, ಒತ್ತಿದರೆ ಮುಗಿಯಿತು. ವಿಂಡೋಸ್ ಶುರುವಾಗಿ ನೀಲಿ ಪರದೆ ಬಂದರೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದು ಕೆಂಪು ಸಾಲು ಕಂಡರೂ ಆ ರ‍್ಯಾಮ್ ವಾಪಸ್ ಕೊಡಿ. 8 ಜಿಬಿ ಹಾಕಿದರೂ 3.2 ಮಾತ್ರ ಬಳಕೆಗೆ ಸಿಗುತ್ತಿದೆ ಎಂದರೆ ಅದು 32 ಬಿಟ್ ವಿಂಡೋಸ್, ರ‍್ಯಾಮಿನ ತಪ್ಪಲ್ಲ. ಮತ್ತೆ, ಡಬ್ಬ ಬಿಚ್ಚುವ ಮೊದಲು ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಕೊಡಿ. ವಿಂಡೋಸ್ 8ರಿಂದ ಈಚೆಗೆ ಮಾಮೂಲಿ ಶಟ್‌ಡೌನ್ ಅರ್ಧ ನಿದ್ದೆ ಅಷ್ಟೇ.

ಈಗ ನಮ್ಮ ವೃತ್ತಿಯವರಿಗೆ ನನ್ನ ಬೇಡಿಕೆ. ರ‍್ಯಾಮ್ ಮಾರಿದಾಗ ಬಿಲ್ಲಿನಲ್ಲಿ ‘8 ಜಿಬಿ ರ‍್ಯಾಮ್’ ಎಂದಷ್ಟೇ ಬರೆಯಬೇಡಿ, ಲೇಬಲಿನ ಆ ಪೂರ್ತಿ ಸಾಲು ಬರೆಯಿರಿ. ಬೋರ್ಡ್ ಹೋಗಿದೆ ಎನ್ನುವ ಮೊದಲು ಗ್ರಾಹಕರ ಎದುರಿಗೇ ಹಳೆಯ ರ‍್ಯಾಮ್ ಒಂದನ್ನೇ ಹಾಕಿ ತೋರಿಸಿ. ನಮ್ಮ ಅಂಗಡಿಯಲ್ಲಿ ಎರಡನ್ನೂ ಮಾಡುತ್ತೇವೆ, ವ್ಯಾಪಾರಕ್ಕೇನೂ ನಷ್ಟವಾಗಿಲ್ಲ. ಆನ್‌ಲೈನ್‌ನಲ್ಲಿ ಮಾರುವವರು ‘ಸರ್ವರ್‌ಗೆ ಮಾತ್ರ’ ಎಂಬ ಎರಡು ಪದವನ್ನು ಮೇಲೆಯೇ ದಪ್ಪಕ್ಷರದಲ್ಲಿ ಹಾಕಬೇಕು, ಕನ್ನಡದಲ್ಲೂ ಹಾಕಬೇಕು. ಹಾಲು ಸಂಘದವರು ಆ 16 ಜಿಬಿ ವಾಪಸ್ ಕಳಿಸಲು ಹೋದಾಗ ಅವಧಿ ಮುಗಿದಿತ್ತು, ದುಡ್ಡು ಹೋಯಿತು. ಅದು ಹಾಲು ಹಾಕಿದವರ ದುಡ್ಡು. ಇಂಥ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು ಎಂಬುದೂ ಬಹಳ ಜನರಿಗೆ ಗೊತ್ತಿಲ್ಲ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಮೊಬೈಲಿನ ಹೊಸ ಮಾಡೆಲ್ ಬಗ್ಗೆ ವಾರವಾರ ಬರುತ್ತದೆ. ಇರುವ ಯಂತ್ರವನ್ನು ಉಳಿಸಿಕೊಳ್ಳುವ ಬಗ್ಗೆ ವಾರಕ್ಕೊಂದು ಕಾಲಂ ಜಾಗ ಕೊಡಿ. ಬರೆಯುವವರು ಪ್ರತಿ ತಾಲ್ಲೂಕಿನ ರಿಪೇರಿ ಮೇಜಿನ ಹಿಂದೆಯೂ ಇದ್ದಾರೆ, ಕೇಳಿದರೆ ಬರೆಯುತ್ತಾರೆ. ಪತ್ರ ಉದ್ದವಾಗಿದೆ, ಜಾಗದ ಕೊರತೆಯಿಂದ ಕತ್ತರಿಸಬೇಕಾದೀತು. ಏನು ಬೇಕಾದರೂ ತೆಗೆಯಿರಿ. ಲೇಬಲಿನ ಅಕ್ಷರ ಓದುವ ಭಾಗ ಮತ್ತು ಹಳೆಯ ರ‍್ಯಾಮ್ ಒಂದನ್ನೇ ಹಾಕಿ ನೋಡುವ ಭಾಗ, ಇವೆರಡನ್ನು ಮಾತ್ರ ದಯವಿಟ್ಟು ಉಳಿಸಿ.

ಇಂತಿ ತಮ್ಮ ಓದುಗರು,
ಡಿಟಿಪಿ ಮತ್ತು ಕಂಪ್ಯೂಟರ್ ರಿಪೇರಿ ಅಂಗಡಿ,
ಕುಮಟಾ, ಉತ್ತರ ಕನ್ನಡ ಜಿಲ್ಲೆ